ಸೈಡ್‌ಚೈನ್ ಹಾಕಿದ ಮೇಲೆ ಬೇಸ್ ಸೊರಗಿದೆ, ಜೊತೆಗೆ ಟಿಕ್ ಟಿಕ್ ಸದ್ದು. ಏನು ಮಾಡಲಿ?

ಸೈಡ್‌ಚೈನ್ ಅಂದರೆ ಕಿಕ್ (ಡ್ರಮ್‌ನ ದಪ್ಪ ಬಡಿತ) ಬಿದ್ದಾಗಲೆಲ್ಲ ಕಂಪ್ರೆಸರ್ ಬೇಸ್‌ನ ಸದ್ದನ್ನು ಅದುಮುವಂತೆ ಮಾಡುವುದು. ನಿಮ್ಮ ಹಾಡು 128 ಬಿಪಿಎಂ (ನಿಮಿಷಕ್ಕೆ 128 ಬಡಿತ), ಅಟ್ಯಾಕ್ (ಅದುಮಲು ಹಿಡಿಯುವ ಸಮಯ) 0, ರಿಲೀಸ್ (ಮತ್ತೆ ಬಿಡಲು ಹಿಡಿಯುವ ಸಮಯ) 400 ಮಿಲಿಸೆಕೆಂಡ್ ಅಂದಿದ್ದೀರಿ. ಎರಡೂ ತೊಂದರೆ ಈ ಅಂಕಿಗಳಲ್ಲೇ ಇವೆ.

ಮೊದಲು ರಿಲೀಸ್. ಈ ವೇಗದಲ್ಲಿ ಒಂದು ಕಿಕ್‌ನಿಂದ ಮುಂದಿನದಕ್ಕೆ ಸುಮಾರು 469 ಮಿಲಿಸೆಕೆಂಡ್ ಅಂತರ. ರಿಲೀಸ್ ಶುರುವಾಗುವುದು ಕಿಕ್ ಬಡಿದ ಕ್ಷಣದಿಂದಲ್ಲ, ಅದರ ಬಾಲ ಥ್ರೆಶೋಲ್ಡ್‌ಗಿಂತ (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟಕ್ಕಿಂತ) ಕೆಳಗಿಳಿದ ಮೇಲೆ. ಕಿಕ್ 150 ಮಿಲಿಸೆಕೆಂಡ್ ಗುಂಯ್‌ಗುಟ್ಟಿದರೆ, ಬೇಸ್ ಪೂರ್ತಿ ತಲೆ ಎತ್ತುವ ಮೊದಲೇ ಮುಂದಿನ ಕಿಕ್ ಅದನ್ನು ಮತ್ತೆ ಅದುಮುತ್ತದೆ. ಸೊರಗದೆ ಇನ್ನೇನಾದೀತು! 100ರ ಆಸುಪಾಸಿನಿಂದ ಶುರು ಮಾಡಿ, ಎರಡು ಕಿಕ್‌ಗಳ ನಡುವಿನ ಬೇಸ್ ಸ್ವರ ತುಂಬಿ ಕೇಳುವವರೆಗೆ ತಿರುಗಿಸಿ. ರಿಲೀಸ್ ಅಳೆಯುವ ರೀತಿ ಎಲ್ಲ ಕಂಪ್ರೆಸರ್‌ಗಳಲ್ಲೂ ಒಂದೇ ಅಲ್ಲ, ಹಾಗಾಗಿ ಅಂಕಿಗಿಂತ ಕಿವಿಯನ್ನೇ ನಂಬಿ.

ಟಿಕ್ ಸದ್ದಿಗೆ ಬಹುಮಟ್ಟಿಗೆ ಅಟ್ಯಾಕ್ ಕಾರಣ. 50 ಹರ್ಟ್ಸ್ ಸ್ವರದ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು. ಅದನ್ನು ನಡುವೆಯೇ ಕತ್ತರಿಸಿದರೆ ಟಿಕ್ ಅನ್ನುತ್ತದೆ. 3ರಿಂದ 5 ಮಿಲಿಸೆಕೆಂಡ್ ಕೊಟ್ಟು ನೋಡಿ. ಲುಕ್‌ಅಹೆಡ್ (ಬರಲಿರುವ ಸದ್ದನ್ನು ಕಂಪ್ರೆಸರ್ ಮೊದಲೇ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ಇನ್ನೂ ಒಳ್ಳೆಯದು.

ನಾನಂತೂ ಅಸಲಿ ಕಿಕ್ಕನ್ನು ಸೈಡ್‌ಚೈನ್‌ಗೆ ಕೊಡುವುದೇ ಇಲ್ಲ. ಬೇರೆ ಟ್ರ್ಯಾಕ್‌ನಲ್ಲಿ ಚಿಕ್ಕದೊಂದು ಕ್ಲಿಕ್ ಇಟ್ಟು, ಅದು ಮಾಸ್ಟರ್‌ಗೆ (ಕೊನೆಗೆ ಕಿವಿಗೆ ಬೀಳುವ ಒಟ್ಟು ಸದ್ದಿಗೆ) ಹೋಗದಂತೆ ಮಾಡಿ, ಅದರಿಂದಲೇ ಕಂಪ್ರೆಸರ್ ನಡೆಸುತ್ತೇನೆ. ಆಮೇಲೆ ಕಿಕ್ ಸ್ಯಾಂಪಲ್ ಬದಲಿಸಿದರೂ ಬೇಸ್‌ನ ಏರಿಳಿತ ಕೆಡುವುದಿಲ್ಲ. ಕಿಕ್ ಇಲ್ಲದ ಬ್ರೇಕ್‌ಡೌನ್‌ನಲ್ಲೂ ಆ ಉಸಿರಾಟ ಉಳಿಸಿಕೊಳ್ಳಬಹುದು. ಟ್ರ್ಯಾಕನ್ನು ಮ್ಯೂಟ್ ಮಾತ್ರ ಮಾಡಬೇಡಿ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸೈಡ್‌ಚೈನ್‌ಗೆ ಹೋಗುವ ಸಿಗ್ನಲ್ಲೂ ನಿಂತುಹೋಗುತ್ತದೆ.

ಇನ್ನು ಎಷ್ಟು ಅದುಮಬೇಕು? ಕಿಕ್‌ಗೆ ಜಾಗ ಮಾಡಿಕೊಡುವುದಷ್ಟೇ ಆದರೆ 3ರಿಂದ 6 ಡಿಬಿ ಸಾಕು. ಹೌಸ್ ಸಂಗೀತದ ಆ ಜೀಕುವ ಪಂಪಿಂಗ್ ಬೇಕೆಂದರೆ 10 ದಾಟಿಸಿ, ಅಂಜಬೇಡಿ. ಬೇಸ್‌ನಲ್ಲಿ ಕರಕರ ಎನ್ನುವ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆಗೆ ಮೊಳಗುವ ಎತ್ತರದ ಸ್ವರಗಳು) ಇದ್ದರೆ ಬೇಸನ್ನು 120 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಭಾಗ ಮಾಡಿ ಕೆಳಗಿನದನ್ನು ಮಾತ್ರ ಅದುಮಿ. ಆಗ ಕಿಕ್ ಬಡಿದಾಗಲೂ ಫೋನ್ ಸ್ಪೀಕರ್‌ನಲ್ಲಿ ಬೇಸ್ ಮಾಯವಾಗುವುದಿಲ್ಲ.

ಇಷ್ಟಾದರೂ ಕೆಸರಾಗಿಯೇ ಕೇಳಿದರೆ ಕಂಪ್ರೆಸರ್ ಬಿಟ್ಟು ಕಿಕ್‌ನ ಬಾಲ ಮೊಟಕು ಮಾಡಿ, ಇಲ್ಲವೇ ಕಿಕ್ ಬೀಳುವ ಜಾಗದಲ್ಲಿ ಬೇಸ್ ಸ್ವರವನ್ನೇ ತೆಗೆದುಬಿಡಿ.