ಮಡಕೆ ಇದ್ದಮೇಲೆ ಕುಂಬಾರ ಇರಲೇಬೇಕಾ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರ ಒಂದು ಆಲೆಮನೆ. ನಾನು ಮೈಸೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಒಲೆಗೆ ಪೂಜೆ ಮಾಡದೆ ಅಪ್ಪ ಬೆಂಕಿ ಹಾಕುವುದಿಲ್ಲ. ‘ದೇವರು ಇದ್ದಾನೆ ಅನ್ನೋದಕ್ಕೆ ಪುರಾವೆ ಏನು?’ ಅಂತ ಒಂದು ದಿನ ಕೇಳಿದೆ. ‘ಮಡಕೆ ಇದ್ಮೇಲೆ ಕುಂಬಾರ ಇರಲೇಬೇಕಲ್ವಾ? ಇಷ್ಟು ದೊಡ್ಡ ಜಗತ್ತು ಸುಮ್ನೆ ಆಯ್ತಾ?’ ಅಂದರು. ಉತ್ತರ ಹೊಳೆಯಲಿಲ್ಲ, ಒಪ್ಪುವುದಕ್ಕೂ ಆಗಲಿಲ್ಲ. ತರ್ಕ, ನಂಬಿಕೆ ಎರಡೂ ಒಂದೇ ತಲೆಯಲ್ಲಿ ಇರಲು ಸಾಧ್ಯವಾ?
– ಓದುಗ, ಮಂಡ್ಯ

ಉತ್ತರ: ನಿಮ್ಮ ತಂದೆ ಗೊತ್ತಿಲ್ಲದೆಯೇ ನ್ಯಾಯದರ್ಶನದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಮಾತಾಡಿದ್ದಾರೆ. ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯ ತಾರ್ಕಿಕ ಉದಯನ ಇದೇ ವಾದವನ್ನು ಬಹಳ ಗಟ್ಟಿಯಾಗಿ ಕಟ್ಟಿದ. ಮಾಡಿದ ವಸ್ತುವಿಗೆ ಮಾಡಿದವನು ಬೇಕು, ಜಗತ್ತೂ ಮಾಡಿದ ವಸ್ತು, ಹಾಗಾಗಿ ಅದಕ್ಕೂ ಒಬ್ಬ ಇದ್ದಾನೆ. ಅವನೇ ಈಶ್ವರ.

ಇದನ್ನು ಮುರಿದವರು ಯಾರು ಗೊತ್ತಾ? ನಾಸ್ತಿಕರು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಜಿಲ್ಲೆಯ ಮೇಲುಕೋಟೆ ಬೆಟ್ಟದಲ್ಲೇ ನೆಲೆಸಿದ್ದ ರಾಮಾನುಜರು! ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನವೇ ಶ್ರೀಭಾಷ್ಯ. ಅದರ ಶುರುವಿನಲ್ಲೇ, ಮೂರನೇ ಸೂತ್ರಕ್ಕೆ ಬರೆಯುವಾಗ, ಅವರು ಈ ವಾದವನ್ನು ಎಳೆ ಎಳೆಯಾಗಿ ಬಿಚ್ಚುತ್ತಾರೆ. ಕುಂಬಾರನಿಗೆ ಮೈ ಇದೆ, ಕೈ ಇದೆ. ಮೈಯಿಲ್ಲದವನು ಏನನ್ನಾದರೂ ಮಾಡಿದ್ದನ್ನು ಕಂಡವರುಂಟೇ? ಭೂಮಿ, ಸಮುದ್ರ ಎಲ್ಲವನ್ನೂ ಒಬ್ಬನೇ, ಒಂದೇ ಸಲ ಮಾಡಿದ ಅನ್ನುವುದಕ್ಕೆ ಆಧಾರವೇನು? ಮೈಸೂರು ಅರಮನೆಯನ್ನೇ ನೋಡಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು, ಹೊಸದು ಮುಗಿದದ್ದು 1912ರಲ್ಲಿ. ಎಷ್ಟು ಜನರ ಕೈ, ಎಷ್ಟು ವರ್ಷ! ಕಟ್ಟಡ ಕಂಡ ಮಾತ್ರಕ್ಕೆ ‘ಒಬ್ಬ ಕಟ್ಟಿದ’ ಅನ್ನಲು ಬರುವುದಿಲ್ಲ. (ಅರಮನೆಯ ಉದಾಹರಣೆ ನನ್ನದು, ರಾಮಾನುಜರದ್ದಲ್ಲ.) ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಇದೇ ಪ್ರಶ್ನೆ ಎತ್ತಿದ. ಹಡಗನ್ನು ಹಲವರು ಸೇರಿ ಕಟ್ಟುವಾಗ ಜಗತ್ತಿಗೆ ಒಬ್ಬನೇ ದೇವರು ಯಾಕೆ ಅಂತ. ಅದು ಅಚ್ಚಾದದ್ದು 1779ರಲ್ಲಿ. ನಮ್ಮವರು ಆರು ಶತಮಾನ ಮುಂಚೆಯೇ ಕೇಳಿ ಮುಗಿಸಿದ್ದರು.

ಹ್ಯೂಮ್ ಸಂಶಯದಲ್ಲೇ ನಿಂತ. ರಾಮಾನುಜರು ಹಾಗಲ್ಲ, ಅವರು ದೇವರನ್ನು ಬಿಡಲಿಲ್ಲ. ದೇವರು ಊಹೆಗೆ ಸಿಗುವವನಲ್ಲ, ಶಾಸ್ತ್ರದಿಂದ (ವೇದದಿಂದ) ಮಾತ್ರ ತಿಳಿಯುವವನು ಅಂದರು. ಅಂದರೆ ತರ್ಕಕ್ಕೆ ಎಟುಕದ ಜಾಗ ಯಾವುದು ಅನ್ನುವುದನ್ನು ತರ್ಕದಿಂದಲೇ ತೋರಿಸಿದರು.

ಸರಿ, ಆ ಶಾಸ್ತ್ರವನ್ನಾದರೂ ಯಾಕೆ ನಂಬಬೇಕು? ತೊಡಕು ಇರುವುದು ಇಲ್ಲಿ. ವೇದದ ಅರ್ಥವನ್ನೇ ವಿಚಾರ ಮಾಡಿದ ಪಂಡಿತರಾದ ಮೀಮಾಂಸಕರ ಉತ್ತರ ಇದು: ಒಂದು ತಿಳಿವಳಿಕೆ ತಪ್ಪು ಅಂತ ಗೊತ್ತಾಗುವವರೆಗೆ ಅದು ಸರಿ ಅಂತಲೇ ಇಟ್ಟುಕೊಳ್ಳಬೇಕು. ಕಂಡಕ್ಟರ್ ‘ಪಾಂಡವಪುರ, ಪಾಂಡವಪುರ’ ಅಂತ ಕೂಗಿದರೆ ನೀವು ಪುರಾವೆ ಕೇಳಲ್ಲ, ಹತ್ತುತ್ತೀರಿ. ಚೆನ್ನಾದ ಮಾತೇ. ಆದರೆ ಪಾಂಡವಪುರ ಬಂತೋ ಇಲ್ಲವೋ ಅಂತ ಇಳಿದು ನೋಡಬಹುದು. ವೇದ ಹೇಳುವ ಸ್ವರ್ಗದ ವಿಷಯದಲ್ಲಿ ಹಾಗೆ ಇಳಿದು ನೋಡಿ ಬಂದು ಹೇಳಿದವರಿಲ್ಲ. ನನಗೆ ಈ ಉತ್ತರ ಇವತ್ತಿಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಆದರೂ ಒಂದು ಗಡಿ ನಮ್ಮವರಿಗೆ ಸ್ಪಷ್ಟವಿತ್ತು. ಬೆಂಕಿ ತಣ್ಣಗಿದೆ ಅಂತ ನೂರು ಶ್ರುತಿಗಳು (ವೇದವಾಕ್ಯಗಳು) ಹೇಳಿದರೂ ಅದು ಪ್ರಮಾಣವಾಗುವುದಿಲ್ಲ ಅಂತ ಗೀತಾಭಾಷ್ಯದಲ್ಲಿ ಶಂಕರರೇ ಬರೆದಿದ್ದಾರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಷಯಕ್ಕೆ ವೇದದ ಸಾಕ್ಷಿ ಬೇಕಿಲ್ಲ.

ನಿಮ್ಮ ತಂದೆಗೂ ಇದು ಗೊತ್ತು. ಪೂಜೆ ಆದಮೇಲೆ ಅವರ ಕೈ ಏನು ಮಾಡುತ್ತದೆ ಗಮನಿಸಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ, ಕೆಂಪಗಾಗಿ, ಪಾಕಕ್ಕೆ ಬಂದಾಗ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸಿ ನೋಡುತ್ತಾರೆ. ಉಂಡೆ ಕಟ್ಟಿದರೆ ಹದ ಬಂತು, ಇಲ್ಲದಿದ್ದರೆ ಇನ್ನಷ್ಟು ಕುದಿಯಬೇಕು. ದೇವರ ಮೇಲೆ ಭಾರ ಹಾಕಿ ಬೆಲ್ಲವನ್ನು ಅಚ್ಚಿಗೆ ಸುರಿಯುವುದಿಲ್ಲ. ಅದೇ ತಲೆ, ಅದೇ ಕೈ, ಅರ್ಧ ದಿನದೊಳಗೆ ಎರಡು ಕೆಲಸ. ಒಟ್ಟಿಗೆ ಇರಲು ಸಾಧ್ಯವಾ ಅಂತ ನೀವು ಕೇಳಿದ್ದೀರಿ, ನಿಮ್ಮ ಮನೆಯಲ್ಲೇ ಇವೆ.

ಅಪ್ಪನ ಹತ್ತಿರ ಮತ್ತೆ ಮಾತು ಬಂದರೆ ರಾಮಾನುಜರ ಪ್ರಶ್ನೆಗಳನ್ನೇ ಇಡಿ. ಗೆಲ್ಲಲಿಕ್ಕಲ್ಲ. ಆಮೇಲೆ ಇಷ್ಟು ಕೇಳಿ: ‘ಕುಂಬಾರನ ವಾದ ಬಿದ್ದುಹೋದರೆ ನಾಳೆಯಿಂದ ಪೂಜೆ ನಿಲ್ಲಿಸ್ತೀರಾ ಅಪ್ಪ?’ ನಿಲ್ಲಿಸಲ್ಲ ಅನ್ನುತ್ತಾರೆ, ನನ್ನ ಅಂದಾಜು. ಹಾಗಾದರೆ ಪೂಜೆ ಯಾತರ ಮೇಲೆ ನಿಂತಿದೆ ಅಂತ ಕೇಳಿ, ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಇನ್ನೊಂದು ಕಾಗದ ಬರೆಯಿರಿ.