ನಕ್ಕವರು ನಕ್ಕರು, ಪ್ರಶ್ನೆ ಸರಿಯಾಗಿಯೇ ಇತ್ತು

2027ರ ರಗ್ಬಿ ವಿಶ್ವಕಪ್‌ಗೆ ಮನೆಯವರು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾರೆ ಎಂದು ಓದುಗರೊಬ್ಬರು ಬರೆದಿದ್ದಾರೆ. ಇವರಿಗೆ ಆ ಆಟ ಇಷ್ಟವಿಲ್ಲ, ಹಾಗಂತ ದ್ವೇಷವೂ ಇಲ್ಲ. 2023ರಲ್ಲಿ ಏಳು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವಂತೆ. ಆಟಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಕೊನೆಯ ನಿಮಿಷಗಳಲ್ಲಿ ಗದ್ದಲ ಜೋರಾದಾಗ ಕಾಲು ತಾನಾಗಿ ಬಾಗಿಲ ಕಡೆ ಬರುತ್ತದೆ. "ಈ ಸಲ ತಂಗಿ ಮನೆಗೆ ಹೋಗಿಬಿಡಲೇ? ಇಷ್ಟ ಇರೋ ಹಾಗೆ ನಟಿಸುತ್ತಾ ಕೂರಲೇ? ನನ್ನದು ಸಣ್ಣ ಮನಸ್ಸೇ?" ಎಂದು ಕೇಳಿದ್ದಾರೆ.

ಸಣ್ಣ ಮನಸ್ಸು ಅಲ್ಲವೇ ಅಲ್ಲ. ಆದರೆ ಮೂರನೇ ಪುಟದ ಅಂಚಿನಲ್ಲಿ, ಕಂಸದೊಳಗೆ, ಬರೆಯಲೋ ಬೇಡವೋ ಎಂಬಂತೆ ಒಂದು ಮಾತು ಸೇರಿಸಿದ್ದೀರಿ. ಐರ್ಲೆಂಡ್ ಸೋತ ದಿನ ಬಾಗಿಲಲ್ಲಿ ನಿಂತು, "ಚೆಂಡು ಇಟ್ಟುಕೊಂಡವರಿಗೇ ಯಾಕೆ ಶಿಕ್ಷೆ, ಕಿತ್ತುಕೊಳ್ಳೋಕೆ ಬಂದವರಿಗಲ್ವಾ?" ಎಂದು ಕೇಳಿದ್ದಿರಿ. ಮೈದುನ "ಅತ್ತಿಗೆ, ಇದೆಲ್ಲ ನಿಮಗೆ ಅರ್ಥ ಆಗಲ್ಲ, ಬಿಡಿ" ಅಂದ. ಎಲ್ಲರೂ ನಕ್ಕರು. ನೀವು ಒಳಗೆ ಹೋದಿರಿ. ನಿಮ್ಮ ಸಂಕಟವೆಲ್ಲ ಇರುವುದು ಆ ಕಂಸದಲ್ಲಿ. ರಗ್ಬಿಯ ಮೇಲೆ ಸುಮ್ಮನೆ ಆರೋಪ ಹೊರಿಸುತ್ತಿದ್ದೀರಿ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಅವತ್ತೇ ಯಾರಾದರೂ ಕೊಡಬೇಕಿತ್ತು.

ಅದು 2023ರ ಅಕ್ಟೋಬರ್ 14ರ ಕ್ವಾರ್ಟರ್ ಫೈನಲ್. ನ್ಯೂಜಿಲೆಂಡ್ 28, ಐರ್ಲೆಂಡ್ 24. ಎಂಬತ್ತು ನಿಮಿಷ ಮುಗಿದಿತ್ತು, ಆದರೆ ರಗ್ಬಿಯಲ್ಲಿ ಗಡಿಯಾರ ಮುಗಿದ ಕೂಡಲೇ ಆಟ ಮುಗಿಯುವುದಿಲ್ಲ. ಯಾರದಾದರೂ ತಪ್ಪಿಗೆ ಸೀಟಿ ಬಿದ್ದು ಆಟ ನಿಲ್ಲುವವರೆಗೆ ಅಥವಾ ಚೆಂಡು ಮೈದಾನದ ಅಂಚಿನ ಗೆರೆ ದಾಟುವವರೆಗೆ ನಡೆಯುತ್ತದೆ. ನಾಲ್ಕು ಅಂಕ ಹಿಂದಿದ್ದ ಐರ್ಲೆಂಡ್‌ಗೆ ಮೂರು ಅಂಕದ ಪೆನಾಲ್ಟಿ ಒದೆತ ಸಾಲುತ್ತಿರಲಿಲ್ಲ. ಐದು ಅಂಕದ ಟ್ರೈ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ಒತ್ತುವುದು, ಅದೇ ಬೇಕಿತ್ತು. ಹಾಗಾಗಿ ಓಡಿದರು, ಬಿದ್ದರು, ಮತ್ತೆ ಎತ್ತಿಕೊಂಡು ಓಡಿದರು. ಹೀಗೆ 37 ಸಲ.

ಪ್ರತಿ ಸಲ ಬಿದ್ದಾಗಲೂ ಒಂದು ನಿಯಮ ಕೆಲಸ ಮಾಡುತ್ತದೆ. ಹಿಡಿದು ಕೆಡವಿಸಿಕೊಂಡವನು ಚೆಂಡನ್ನು ತಕ್ಷಣ ಬಿಡಬೇಕು: ತನ್ನವರ ಕಡೆ ನೆಲದ ಮೇಲಿಡಬೇಕು, ಇಲ್ಲವೇ ಪಾಸ್ ಮಾಡಬೇಕು. ಕೆಡವಿದವನೂ ಅವನನ್ನು ಬಿಟ್ಟು ಪಕ್ಕಕ್ಕೆ ಸರಿಯಬೇಕು. ಆಮೇಲೆ ತನ್ನ ತಂಡದ ದಿಕ್ಕಿನಿಂದ ಬಂದು, ಕಾಲ ಮೇಲೆ ನಿಂತೇ ಚೆಂಡಿಗೆ ಕೈ ಹಾಕುವವನಿಗೆ ಅದನ್ನು ಕೀಳುವ ಹಕ್ಕಿದೆ. ಅವನು ಎಳೆಯುವಾಗಲೂ ಬಿದ್ದವನು ಬಿಡದಿದ್ದರೆ ಬಿದ್ದವನಿಗೇ ಶಿಕ್ಷೆ. ಈ ನಿಯಮ ಇಲ್ಲದಿದ್ದರೆ ಮುಂದಿರುವ ತಂಡ ಚೆಂಡನ್ನು ಅಪ್ಪಿಕೊಂಡು ಮಲಗಿಯೇ ಪಂದ್ಯ ಗೆಲ್ಲಬಹುದು. 37ನೇ ಸಲ ನ್ಯೂಜಿಲೆಂಡಿನ ಸ್ಯಾಮ್ ವೈಟ್‌ಲಾಕ್ ಬಗ್ಗಿ ಚೆಂಡಿಗೆ ಕೈ ಹಾಕಿದರು, ಸೀಟಿ ಬಿತ್ತು, ಸತತ 17 ಪಂದ್ಯ ಗೆದ್ದು ಬಂದಿದ್ದ ಐರ್ಲೆಂಡ್ ಮನೆಗೆ ಹೋಯಿತು. ನೀವು ಕೇಳಿದ್ದು ಆ ಪಂದ್ಯವನ್ನೇ ತೀರ್ಮಾನಿಸಿದ ಪ್ರಶ್ನೆ. ಯಾರು ಮೊದಲು ಕೈ ಹಾಕಿದರು, ಯಾರು ಬೇಗ ಬಿಡಲಿಲ್ಲ ಎಂದು ಈ ಆಟವನ್ನೇ ಉಂಡು ಉಟ್ಟವರೂ ಜಗಳವಾಡುತ್ತಾರೆ. ನಿಮ್ಮ ಮೈದುನನಿಗೆ ಉತ್ತರ ಗೊತ್ತಿದ್ದರೆ ಎರಡು ವಾಕ್ಯದಲ್ಲಿ ಹೇಳುತ್ತಿದ್ದ. ಗೊತ್ತಿಲ್ಲದವರೇ "ನಿಮಗೆ ಅರ್ಥ ಆಗಲ್ಲ" ಅನ್ನುವುದು. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಎದೆ ಝಲ್ಲೆನ್ನುವುದೂ ಅರಸಿಕತೆಯಲ್ಲ. ತಲೆಗೆ ಬೀಳುವ ಪೆಟ್ಟಿನ ಭಯ ನಿಯಮ ಮಾಡುವವರಿಗೂ ಇದೆ. ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರ ಟ್ಯಾಕಲ್, ಅಂದರೆ ಹಿಡಿದು ಕೆಡವುವ ಪ್ರಯತ್ನ, ಎದುರಾಳಿಯ ತಲೆಗೆ ತಗುಲಿ, ಕೇನ್‌ಗೆ ಕೆಂಪು ಕಾರ್ಡ್ ಬಿದ್ದು ಆಟದಿಂದಲೇ ಹೊರಗಾದರು. ತಂಡ 12–11ರಲ್ಲಿ, ಒಂದೇ ಅಂಕದಿಂದ ದಕ್ಷಿಣ ಆಫ್ರಿಕಾಕ್ಕೆ ಸೋತಿತು. ನೋಡಲಾಗದಿದ್ದರೆ ಎದ್ದು ಹೋಗಿ, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಇನ್ನು 2027ರ ಆ ಆರು ವಾರ. ಆಸ್ಟ್ರೇಲಿಯಾದಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 13ರವರೆಗೆ 24 ತಂಡಗಳು, 52 ಪಂದ್ಯಗಳು. ಆದರೆ ಒಂದು ತಂಡ ಕೊನೆಯವರೆಗೆ ಹೋದರೂ ಆಡುವುದು ಏಳೇ: ಗುಂಪಿನಲ್ಲಿ ಮೂರು, ಆಮೇಲೆ ನಾಲ್ಕು. ವಿರಾಮವೂ ಸೇರಿ ಒಂದಕ್ಕೆ ಹೆಚ್ಚೂಕಡಿಮೆ ಎರಡು ಗಂಟೆ. ಮನೆಯವರ ಮೆಚ್ಚಿನ ತಂಡಕ್ಕೆ ಹದಿನಾಲ್ಕು ಗಂಟೆ ಬಿಟ್ಟುಕೊಡಿ, ಧಾರಾಳವಾಗಿ. ಉಳಿದ 45 ಪಂದ್ಯಕ್ಕೆ ಹಾಲ್ ಬೇಕಿದ್ದರೆ ಅವರು ನಿಮ್ಮನ್ನು ಕೇಳಲಿ.

ನಿಮ್ಮ ಮನೆಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮೆಚ್ಚಿನ ತಂಡ ಸೋತ ಗಳಿಗೆಯಲ್ಲಿ ಯಾರದೋ ಮಾತಿಗೆ ನಕ್ಕುಬಿಟ್ಟಿದ್ದಾರೆ, ಬಹುಶಃ ಮರೆತೂ ಇದ್ದಾರೆ. ಆದರೆ ಮರೆತದ್ದನ್ನು ನೆನಪಿಸುವುದು ನಿಮ್ಮ ಪಾಲಿನ ಕೆಲಸ, ಮಾಡಲೇಬೇಕು.

ನಟಿಸಬೇಡಿ, ಬಟ್ಟೆಯನ್ನೂ ಕಟ್ಟಬೇಡಿ. ಪಂದ್ಯವಿಲ್ಲದ ದಿನ, ಮೈದುನ ಇಲ್ಲದ ಹೊತ್ತಿನಲ್ಲಿ, ಮನೆಯವರಿಗೆ ಹೀಗೆ ಹೇಳಿ: "ಅವತ್ತು ನಾನು ಕೇಳಿದಾಗ ನೀವೂ ನಕ್ಕಿರಿ. ನಂಗೆ ಬೇಜಾರಾಯ್ತು. ಇನ್ನೊಂದ್ಸಲ ಕೇಳಿದರೆ ಉತ್ತರ ಹೇಳಿ, ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ." ಇಷ್ಟೇ. ಕ್ಷಮೆ ಕೇಳಿ ಅನ್ನಬೇಡಿ, ಮೈದುನನ ವಿಷಯ ಎಳೆಯಬೇಡಿ, ಎಳೆದರೆ ಮಾತು ಅಣ್ಣ-ತಮ್ಮಂದಿರ ಕಡೆ ತಿರುಗಿಬಿಡುತ್ತದೆ. ಅದಕ್ಕೂ ಅವರು ನಕ್ಕರೆ ಮಾತ್ರ ತಂಗಿಗೆ ಫೋನ್ ಮಾಡಿ, ಅಕ್ಟೋಬರ್ 1ಕ್ಕೆ ಬರುತ್ತೇನೆ ಅನ್ನಿ.