ತೆರಿಗೆಗಳು ಒಂದಾದರೆ ವಿನಾಯಿತಿ ಉಳಿಯುತ್ತದೆಯೇ?

ಓದುಗರ ಪತ್ರ: ಕೆನಡಾದಲ್ಲಿ ಪ್ರಾಂತ್ಯದ ಮಾರಾಟ ತೆರಿಗೆಯನ್ನು ಒಕ್ಕೂಟ ಸರ್ಕಾರದ ಜಿಎಸ್‌ಟಿಗೆ ಸೇರಿಸಿ ಎಚ್‌ಎಸ್‌ಟಿ ಎಂದು ಒಂದೇ ತೆರಿಗೆ ಮಾಡಿದ್ದನ್ನು ಓದಿದೆ. ಪ್ರಾಂತ್ಯದ ಶೇ 8 ಮತ್ತು ಒಕ್ಕೂಟದ ಶೇ 5 ಸೇರಿ ಶೇ 13 ಆದರೆ ಗ್ರಾಹಕನಿಗೆ ಏನು ವ್ಯತ್ಯಾಸ? ಮೊದಲು ವಿನಾಯಿತಿ ಇದ್ದದ್ದಕ್ಕೆ ಆಮೇಲೂ ಇರಬೇಕಲ್ಲವೇ? ವಿನಾಯಿತಿ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದರೆ ಬಡವರಿಗೆ ಅನುಕೂಲವಲ್ಲವೇ?

ಸಂಪಾದಕರ ಉತ್ತರ: ಎರಡು ತೆರಿಗೆಗಳ ವಿನಾಯಿತಿ ಪಟ್ಟಿಯೂ ಒಂದೇ ಆಗಿದ್ದರೆ ನಿಮ್ಮ ಲೆಕ್ಕ ಸರಿ. ಅಲ್ಲಿ ಹಾಗಿರಲಿಲ್ಲ. ಒಂಟಾರಿಯೊ ಪ್ರಾಂತ್ಯದ ಹಳೆಯ ಮಾರಾಟ ತೆರಿಗೆ ಮುಖ್ಯವಾಗಿ ಸರಕುಗಳ ಮೇಲಿತ್ತು. ಹೆಚ್ಚಿನ ಸೇವೆಗಳು ಅದರ ವ್ಯಾಪ್ತಿಗೇ ಬರುತ್ತಿರಲಿಲ್ಲ. 1991ರಲ್ಲಿ ಬಂದ ಒಕ್ಕೂಟದ ಜಿಎಸ್‌ಟಿ ಸರಕು, ಸೇವೆ ಎರಡಕ್ಕೂ ಬೀಳುತ್ತಿತ್ತು. 2010ರ ಜುಲೈ 1ರಂದು ಎರಡೂ ಒಂದಾದಾಗ ಉಳಿದದ್ದು ಒಕ್ಕೂಟದ ಪಟ್ಟಿ. ಹೀಗಾಗಿ ಕ್ಷೌರ, ಟ್ಯಾಕ್ಸಿ ಬಾಡಿಗೆ, ವಕೀಲರ ಶುಲ್ಕ, ಮನೆಯ ವಿದ್ಯುತ್, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಉರಿಸುವ ಗ್ಯಾಸ್, ಇವೆಲ್ಲ ಶೇ 5ರಿಂದ ಒಮ್ಮೆಗೇ ಶೇ 13ಕ್ಕೆ ಏರಿದವು. ಮೊದಲೇ ಎರಡೂ ತೆರಿಗೆ ಕಟ್ಟುತ್ತಿದ್ದ ಟಿವಿ, ಸೋಫಾಗಳ ಬಿಲ್ಲಿನಲ್ಲಿ ಮಾತ್ರ ನೀವು ಹೇಳಿದಂತೆ ಏನೂ ಬದಲಾಗಲಿಲ್ಲ.

ಪ್ರಾಂತ್ಯಗಳಿಗೆ ಸ್ವಲ್ಪ ಸ್ವಾತಂತ್ರ್ಯವನ್ನೇನೋ ಬಿಟ್ಟುಕೊಟ್ಟಿದ್ದರು. ಪುಸ್ತಕ, ಮಕ್ಕಳ ಬಟ್ಟೆ, ಮಕ್ಕಳ ಪಾದರಕ್ಷೆ, ಡೈಪರ್, ದಿನಪತ್ರಿಕೆಗಳಿಗೆ ಒಂಟಾರಿಯೊ ತನ್ನ ಪಾಲಿನ ಶೇ 8ನ್ನು ಅಂಗಡಿಯ ಬಿಲ್ಲಿನಲ್ಲೇ ಬಿಟ್ಟುಕೊಡುತ್ತದೆ. ಗ್ರಾಹಕ ಶೇ 5 ಮಾತ್ರ ಕೊಡುತ್ತಾನೆ. ಆದರೆ ಎಷ್ಟು ಸರಕಿಗೆ ಹೀಗೆ ರಿಯಾಯಿತಿ ಕೊಡಬಹುದು ಎಂಬುದಕ್ಕೆ ಒಕ್ಕೂಟದೊಂದಿಗಿನ ಒಪ್ಪಂದದಲ್ಲೇ ಮಿತಿಯಿದೆ. ಹಳೆಯ ಪಟ್ಟಿಯನ್ನು ಇಡಿಯಾಗಿ ಉಳಿಸಿಕೊಳ್ಳಲು ದಾರಿಯಿರಲಿಲ್ಲ.

ಇಲ್ಲಿಯವರೆಗಿನದು ಬಿಲ್ಲಿನಲ್ಲಿ ಕಾಣುವ ಸಂಗತಿ. ಬಿಲ್ಲಿನಲ್ಲಿ ಕಾಣದ್ದು ಇನ್ನೊಂದಿದೆ, ನಿಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಗ್ರಾಹಕನಿಂದ ತೆರಿಗೆ ಪಡೆಯದ ಸರಕು, ಸೇವೆಗಳಲ್ಲಿ ಎರಡು ಜಾತಿ. ಒಂದು ಶೂನ್ಯ ದರದ್ದು: ಅಡುಗೆಗೆ ಬೇಕಾದ ದಿನಸಿ, ವೈದ್ಯರು ಬರೆದುಕೊಟ್ಟ ಔಷಧ. ಇನ್ನೊಂದು ವಿನಾಯಿತಿಯದ್ದು: ವಾಸದ ಮನೆಯ ಬಾಡಿಗೆ, ವೈದ್ಯರ ಸೇವೆ, ಶಿಶುಪಾಲನೆ. ಕೊಳ್ಳುವವನಿಗೆ ಎರಡೂ ಒಂದೇ. ಮಾರುವವನಿಗೆ ಅಲ್ಲ. ಶೂನ್ಯ ದರದ ಸರಕು ಮಾರುವವನು ತನ್ನ ಖರೀದಿಗಳ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದು ಸರ್ಕಾರದಿಂದ ವಾಪಸು ಪಡೆಯುತ್ತಾನೆ. ವಿನಾಯಿತಿಯ ಸೇವೆ ಕೊಡುವವನಿಗೆ ಆ ಹಕ್ಕಿಲ್ಲ. ಕಟ್ಟಿದ ತೆರಿಗೆ ಅವನ ಖರ್ಚಿನಲ್ಲೇ ಸೇರಿಹೋಗುತ್ತದೆ.

ವಿಲೀನ ಈ ಎರಡನ್ನೂ ವಿರುದ್ಧ ದಿಕ್ಕಿಗೆ ತಳ್ಳಿತು. ದಿನಸಿ ಅಂಗಡಿಯವರು ಫ್ರಿಜ್, ತಕ್ಕಡಿ, ಕಪಾಟು ಕೊಂಡಾಗ ಹಳೆಯ ಪ್ರಾಂತೀಯ ತೆರಿಗೆ ಶೇ 8 ವಾಪಸು ಬರುತ್ತಿರಲಿಲ್ಲ. ವಿಲೀನದ ನಂತರ ಪೂರ್ತಿ ಶೇ 13 ಕೂಡ ವಾಪಸು. ಅಂದರೆ ದಿನಸಿಯ ಬೆಲೆಯೊಳಗೆ ಅವಿತಿದ್ದ ಒಂದಿಷ್ಟು ತೆರಿಗೆ ಹೊರಬಿತ್ತು. ಈಗ ಮನೆ ಬಾಡಿಗೆಗೆ ಕೊಟ್ಟವರನ್ನು ನೋಡಿ. ಕಟ್ಟಡದ ಹಿಮ ತೆಗೆಸಲು ಗುತ್ತಿಗೆದಾರನಿಗೆ 1,000 ಡಾಲರ್ ಕೊಟ್ಟರೆ ಮೊದಲು 50 ಡಾಲರ್ ತೆರಿಗೆ ಬೀಳುತ್ತಿತ್ತು, ಆಮೇಲೆ 130. ಆ 80 ಡಾಲರಿನ ಹೆಚ್ಚಳವನ್ನು ವಾಪಸು ಕೇಳುವಂತಿಲ್ಲ. ಬಾಡಿಗೆಯ ಮೇಲೆ ತೆರಿಗೆಯೇ ಇಲ್ಲ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಆ 80 ಡಾಲರ್ ಒಂದೋ ಮಾಲೀಕರ ಕೈಬಿಟ್ಟು ಹೋಗಬೇಕು, ಇಲ್ಲವೇ ನಿಧಾನವಾಗಿ ಬಾಡಿಗೆಯೊಳಗೆ ಸೇರಬೇಕು.

ಸರ್ಕಾರಕ್ಕೆ ಇದು ತಿಳಿಯದ ವಿಷಯವೇನಲ್ಲ. ಆಸ್ಪತ್ರೆ, ಶಾಲೆಗಳ ಸೇವೆಯೂ ಬಹುಪಾಲು ಇದೇ ವಿನಾಯಿತಿಯ ಗುಂಪಿನದು. ಅವುಗಳ ಮೇಲಿನ ಹೊರೆ ಇಳಿಸಲು ತೆರಿಗೆಯ ಪ್ರಾಂತೀಯ ಪಾಲಿನಲ್ಲಿ ಆಸ್ಪತ್ರೆಗಳಿಗೆ ಶೇ 87, ಶಾಲಾ ಮಂಡಳಿಗಳಿಗೆ ಶೇ 93, ನಗರಾಡಳಿತಗಳಿಗೆ ಶೇ 78ರಷ್ಟನ್ನು ಒಂಟಾರಿಯೊ ಹಿಂತಿರುಗಿಸುತ್ತದೆ. ವಾಸದ ಮನೆಗಳನ್ನು ಬಾಡಿಗೆಗೆ ನಡೆಸುವವರಿಗೆ ಅಂಥ ವ್ಯವಸ್ಥೆ ಮಾಡಲಿಲ್ಲ. ಬಾಡಿಗೆ ಮನೆಗಳಲ್ಲಿ ಇರುವವರು ಯಾರು ಎಂದು ನೆನೆದರೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದ ಕಥೆಯನ್ನೂ ಹೇಳಬೇಕು. ಅಲ್ಲೂ ಅದೇ ದಿನ ತೆರಿಗೆ ವಿಲೀನವಾಯಿತು, ಒಟ್ಟು ದರ ಶೇ 12. ಪ್ರಾಂತೀಯ ತೆರಿಗೆ ಇಲ್ಲದಿದ್ದ ಹೋಟೆಲ್ ಊಟ ಶೇ 5ರಿಂದ 12ಕ್ಕೆ ಹಾರಿತು. 2009ರ ಮೇ ತಿಂಗಳಲ್ಲಿ ಚುನಾವಣೆ ಮುಗಿದಿತ್ತು, ವಿಲೀನದ ಘೋಷಣೆ ಬಂದದ್ದು ಜುಲೈನಲ್ಲಿ. ಜನರನ್ನು ಕೆರಳಿಸಿದ್ದು ದರಕ್ಕಿಂತ ಹೆಚ್ಚಾಗಿ ಇದೇ. ಮಾಜಿ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಬಿಲ್ ವ್ಯಾಂಡರ್ ಜಾಲ್ಮ್ ಮುಂದೆ ನಿಂತು ಸಹಿ ಸಂಗ್ರಹ ನಡೆಸಿದರು. 2011ರ ಜನಮತ ಗಣನೆಯಲ್ಲಿ ಸುಮಾರು ಶೇ 55ರಷ್ಟು ಮತದಾರರು ಎಚ್‌ಎಸ್‌ಟಿ ಬೇಡವೆಂದರು. 2013ರ ಏಪ್ರಿಲ್ 1ರಂದು ಹಳೆಯ ಪ್ರಾಂತೀಯ ತೆರಿಗೆ, ಅದರ ವಿನಾಯಿತಿಗಳ ಸಮೇತ, ಮರಳಿ ಬಂತು. ವಿಲೀನಕ್ಕೆಂದು ಒಕ್ಕೂಟ ಕೊಟ್ಟಿದ್ದ 160 ಕೋಟಿ ಡಾಲರ್ ಹಿಂತಿರುಗಿಸಬೇಕಾಯಿತು. ಯಾವ ವಿನಾಯಿತಿ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಮತ ಕೇಳುವ ಮೊದಲೇ ಜನರ ಮುಂದೆ ಇಟ್ಟಿದ್ದರೆ ಚರ್ಚೆಯಾದರೂ ನೇರವಾಗಿ ನಡೆಯುತ್ತಿತ್ತು.

ಇನ್ನು ಬಡವರ ಮಾತು. ಪಟ್ಟಿ ಉದ್ದ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮನೆ ಬೆಚ್ಚಗಿಡುವ ಗ್ಯಾಸಿನ ತೆರಿಗೆ ಬಿಟ್ಟರೆ ದೊಡ್ಡ ಬಂಗಲೆಯವನಿಗೆ ಹೆಚ್ಚು ಉಳಿತಾಯ, ಎರಡು ಕೋಣೆಯವನಿಗೆ ಕಡಿಮೆ. ಒಂಟಾರಿಯೊ ವಿಲೀನದ ಜೊತೆಗೇ ಇನ್ನೊಂದು ಕೆಲಸ ಮಾಡಿತು: ಕಡಿಮೆ ಆದಾಯದ ಕುಟುಂಬಗಳಿಗೆ ದೊಡ್ಡವರು, ಮಕ್ಕಳೆನ್ನದೆ ತಲೆಗೆ ವರ್ಷಕ್ಕೆ 260 ಡಾಲರ್‌ವರೆಗೆ ನಗದು ಕೊಡಲು ಶುರುಮಾಡಿತು. ಆದಾಯ ಏರಿದಂತೆ ಈ ಮೊತ್ತ ಇಳಿಯುತ್ತದೆ. ತೆರಿಗೆಯ ಹೊರೆ ಬಡವರ ಮೇಲೆ ಬೀಳಬಾರದು ಎಂಬ ನಿಮ್ಮ ಕಾಳಜಿಗೆ ನನ್ನ ಪೂರ್ಣ ಸಹಮತವಿದೆ. ಅದಕ್ಕೆ ಇಂಥ ನೇರ ನೆರವನ್ನೂ, ತೀರಾ ಅಗತ್ಯದ ವಸ್ತುಗಳಿಗೆ ವಿನಾಯಿತಿಯ ಬದಲು ಶೂನ್ಯ ದರವನ್ನೂ ಕೇಳಬೇಕು.